ಲಂಕೆಯ ದಾರಿಯಲ್ಲಿ ವಡಾಲಾ

ಅವರಿಬ್ಬರು ನಮ್ಮ ಮನೆಗೆ ಬಂದದ್ದು ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ, ಬೇಸಿಗೆಯಲ್ಲಿ. ಬೇಸಿಗೆ ಹೌದೋ ಅಲ್ಲವೋ ಖಾತ್ರಿಯಿಲ್ಲ. ಮುಂಬಯಿಯಲ್ಲಿ ನಾನು ದಣಿದ ದಿನಗಳೆಲ್ಲ ಈಗ ಬೇಸಿಗೆಯಾಗಿಯೇ ನೆನಪಾಗುತ್ತವೆ. ಆಗ ನಾನೂ ಅವ್ವನೂ ಆಂಟಾಪ್ ಹಿಲ್‌ನ ಕಾಲನಿಯೊಂದರಲ್ಲಿದ್ದೆವು. ವಿಲೆ ಪಾರ್ಲೆಯ ಕಾಲೇಜಿನಲ್ಲಿ ಪಾಠ ಹೇಳಿ, ಬಾಂದ್ರಾದಲ್ಲಿ ಗಾಡಿ ಬದಲಿಸಿ ಮನೆ ಸೇರುವಷ್ಟರಲ್ಲಿ ನನಗೆ ಮಾತು ಬೇಡವಾಗಿರುತ್ತಿತ್ತು.

ಅವಳು ಇಂಗ್ಲೆಂಡಿನವಳು. ಪುಣೆಯ ಹಾಸ್ಟೆಲಿನಲ್ಲಿ ಒಂದು ವರ್ಷ ನನ್ನ ಪಕ್ಕದ ಕೋಣೆಯಲ್ಲಿದ್ದಳು. ಈಗ ಗೆಳೆಯನ ಜೊತೆ ಬೆನ್ನಿಗೆ ಚೀಲ ಕಟ್ಟಿಕೊಂಡು ಇಸ್ತಾಂಬುಲ್, ಕಾಬೂಲ್ ಎಂದು ಬಸ್ಸಿನಿಂದ ಬಸ್ಸಿಗೆ ಹತ್ತಿಳಿಯುತ್ತ ಬಂದಿದ್ದಳು. ನಮ್ಮಲ್ಲಿ ಕೆಲವು ದಿನ ಇದ್ದು, ಮದ್ರಾಸಿನ ರೈಲು ಹಿಡಿದು, ರಾಮೇಶ್ವರದಿಂದ ಹಡಗಿನಲ್ಲಿ ಸಿಲೋನಿಗೆ ಹೋಗುವುದೆಂದು ಇಬ್ಬರೂ ಹೊರಟಿದ್ದರು. ಹಾಸ್ಟೆಲಿನಲ್ಲಿ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಒಳಗೆ ಬಂದವಳೇ ಬೂಟು ಕೂಡ ಬಿಚ್ಚದೆ ಚಾಪೆಯ ಮೇಲೆ ನಿದ್ದೆಹೋದಳು.

"ಇಷ್ಟ ಗಂಟ ಹೊತಗೊಂಡು ಎಲ್ಲಿಗೆ ಹೊಂಟಾರ ಇವರು?" ಅವ್ವ ಕೇಳಿದಳು.

"ಲಂಕಾಕ್ಕ."

"ಅಲ್ಲೇನೈತಿ?"

"ಸಮುದ್ರ ಐತಂತ, ಚಂದ ಐತಂತ."

"ಇಲ್ಲಿ ಸಮುದ್ರ ಬತ್ತೇತೇನು? ದಾದರಕ್ಕ ಕರಕೊಂಡು ಹೋಗಿ ತೋರಿಸು. ರೊಕ್ಕಾನೂ ಉಳೀತದ, ಕಾಲೂ ಉಳೀತಾವ."

ಭಾಷೆ ತಿಳಿಯದೆ ಅವನು ನಕ್ಕ. ಅವನೇನೂ ಕೆಟ್ಟವನಲ್ಲ. ಅವಳ ಚೀಲದ ಭಾರದ ಸಾಮಾನನ್ನೆಲ್ಲ ಕಾಬೂಲಿನಿಂದ ಅವನೇ ಹೊತ್ತು ತಂದಿದ್ದ. ಅವನಿಗೆ ಮುಂದೆ ಯಾವಾಗಲೂ ಒಂದು ಊರು ಇರಬೇಕಿತ್ತು, ಅಷ್ಟೇ.

ಭಾನುವಾರ ಅವ್ವ ಅವಳ ತಲೆಗೆ ಎಣ್ಣೆ ತಿಕ್ಕಿ, ಹಿಂದಿನ ದಿನ ತುಂಬಿಟ್ಟ ನೀರನ್ನೆಲ್ಲ ಕಾಯಿಸಿ ಎರೆದಳು. ಆಮೇಲೆ ಗ್ಯಾಲರಿಯಲ್ಲಿ ಕೂದಲು ಒಣಗಿಸುತ್ತ ಅವಳು ನನಗೆ ಹೇಳಿದಳು: "ನನಗೆ ಇನ್ನೊಂದು ದೇಶ ಬೇಡ. ಮನೆಗೆ ಹೋಗಬೇಕು."

"ಅವನಿಗೆ ಹೇಳು."

"ದಣಿದಿದ್ದೇನೆ ಅಂತ ಹೇಳಿದಾಗಲೆಲ್ಲ ನನ್ನ ಚೀಲದಿಂದ ಇನ್ನೊಂದು ವಸ್ತು ತೆಗೆದು ತನ್ನ ಚೀಲಕ್ಕೆ ಹಾಕಿಕೊಳ್ಳುತ್ತಾನೆ. ಈಗ ನನ್ನ ಚೀಲದಲ್ಲಿ ಬಟ್ಟೆ ಮಾತ್ರ ಇದೆ."

ಇದನ್ನು ನಾನು ಅವ್ವನಿಗೆ ಹೇಳಿದೆನೆಂದೇ ನನ್ನ ನೆನಪು. ಅವ್ವ ಮಾತ್ರ ಕೊನೆಯವರೆಗೂ "ನೀ ನನಗೇನೂ ಹೇಳಿಲ್ಲ" ಎಂದೇ ವಾದಿಸಿದಳು. ದಿನಚರಿ ತೆಗೆದು ನೋಡಿದರೆ ಆ ಭಾನುವಾರ ನೀರು ತಡವಾಗಿ ಬಂತೆಂದಷ್ಟೇ ಬರೆದಿದ್ದೇನೆ. ಯಾರನ್ನು ನಂಬಲಿ?

ಮಂಗಳವಾರ ಬೆಳಿಗ್ಗೆ ಚೀಲಗಳು ಬಾಗಿಲ ಬಳಿ ಬಂದವು. ಅವನು ಚೀಲ ಬೆನ್ನಿಗೇರಿಸಿಕೊಂಡ. ಅವಳು ಬಗ್ಗಿ ಬೂಟಿನ ದಾರ ಕಟ್ಟುತ್ತಿದ್ದಳು. ಅವ್ವ ಅಡುಗೆಮನೆಯಿಂದ ಬಂದು ಹೊಸ್ತಿಲಿಗೆ ಅಡ್ಡ ನಿಂತಳು.

"ಇವತ್ತ ಮಂಗಳವಾರ. ಮನಿ ಮಗಳನ್ನ ಕಳಸೂದಿಲ್ಲ."

"ಅವ್ವಾ, ಟಿಕೆಟ್ ಆಗೇತಿ."

"ಆಗಲಿ. ಎರಕೊಂಡು, ಉಂಡು, ನನ್ನ ಮಗ್ಗಲದಾಗ ಮಲಗಿದಾಕಿ ಮಗಳಲ್ಲೇನು? ಅಂವ ಬೇಕಾದ್ರ ಹೋಗ್ಲಿ. ಅಳಿಯಾಗ ಯಾವ ವಾರಾನೂ ಅಡ್ಡಿಲ್ಲ. ಹೇಳ ಅವಗ."

ಮಂಗಳವಾರ, ಶುಕ್ರವಾರ ಹೆಣ್ಣುಮಕ್ಕಳನ್ನು ತವರಿನಿಂದ ಕಳಿಸದ ಪದ್ಧತಿಯನ್ನು ನಾನು ಇಂಗ್ಲಿಷಿನಲ್ಲಿ ವಿವರಿಸಿದೆ. ಹೊರಡುವುದು ಮಂಗಳವಾರವೆಂದು ಅವ್ವನಿಗೆ ಮೊದಲೇ ಗೊತ್ತಿತ್ತು. ಸೋಮವಾರವಿಡೀ ಏಕೆ ಸುಮ್ಮನಿದ್ದಳು?

ಅವನು ಒಂದು ಗಳಿಗೆ ಯೋಚಿಸಿ, ಚೀಲ ಇಳಿಸುತ್ತ, "ಸರಿ, ನಾಳೆ ಹೋಗೋಣ" ಎಂದ.

ಅವಳು ಆಗಷ್ಟೇ ಕಟ್ಟಿದ್ದ ದಾರ ಬಿಚ್ಚತೊಡಗಿದಳು. "ನೀನು ಹೋಗು" ಎಂದಳು. "ನಾನು ಇಲ್ಲಿರುತ್ತೇನೆ."

ಅವಳು ಇನ್ನೇನಾದರೂ ಹೇಳಬಹುದೆಂದು ಅವನು ಕಾದ. ಆಮೇಲೆ ತನ್ನ ಚೀಲ ಬಿಚ್ಚಿ ಅವಳ ಸಾಮಾನುಗಳನ್ನು ಒಂದೊಂದಾಗಿ ತೆಗೆದು ಚಾಪೆಯ ಮೇಲಿಟ್ಟ. ಅವ್ವ ಎರಡು ಚಪಾತಿ ಕಟ್ಟಿಕೊಟ್ಟಳು. ಹೊಸ್ತಿಲು ಬಿಟ್ಟು ಸರಿದಳು.

ಕಾಲೇಜಿಗೆ ಹೋಗಬೇಕಿದ್ದ ನಾನು ವಡಾಲಾ ಸ್ಟೇಷನ್ನಿನವರೆಗೆ ಅವನ ಜೊತೆ ನಡೆದೆ. ಮದ್ರಾಸಿನ ರೈಲು ಹಿಡಿಯಲು ಅಲ್ಲಿಂದ ಅವನಿಗೆ ವಿ.ಟಿ. ಕಡೆಯ ಲೋಕಲ್, ನನಗೆ ಬಾಂದ್ರಾ ಕಡೆಯದು.

"ಆ ಪದ್ಧತಿ ನಿಜವಾಗಿಯೂ ಇದೆಯೇ?" ಎಂದು ಕೇಳಿದ.

"ಇದೆ."

"ಬುಧವಾರಕ್ಕೂ ಹಾಗೇನಾದರೂ ಇದೆಯೇ?"

"ಇಲ್ಲ."

ಅವನು ತಲೆಯಾಡಿಸಿದ. ಗಾಡಿ ಬಂತು. ಆ ನೂಕುನುಗ್ಗಲಿನಲ್ಲಿ ಹಿಂದಿರುಗಿ ನೋಡಿದನೆಂದು ಬರೆಯಲು ಮನಸ್ಸಾಗುತ್ತದೆ. ನೋಡಿದನೋ ಇಲ್ಲವೋ, ನನಗೆ ಗೊತ್ತಿಲ್ಲ.

ಸಂಜೆ ನಾನು ಬಂದಾಗ ಅವಳು ಅವ್ವನ ಎದುರು ಕೂತು ಅಕ್ಕಿ ಆರಿಸುತ್ತಿದ್ದಳು. ಬೆಳಿಗ್ಗೆಯಿಂದ ಮಲಗಿದ್ದು ಈಗಷ್ಟೇ ಎದ್ದಳೆಂದು ಅವ್ವ ಹೇಳಿದಳು.

"ಏನಾದರೂ ಹೇಳಿದನಾ?" ಅವಳು ಕೇಳಿದಳು.

"ಬುಧವಾರಕ್ಕೂ ಅಡ್ಡಿ ಇದೆಯಾ ಅಂತ ಕೇಳಿದ. ಇಲ್ಲ ಅಂದೆ."

ಅವಳ ಬೆರಳು ಅಕ್ಕಿಯಲ್ಲೇ ನಿಂತಿತು.

"ಒಳ್ಳೆಯದಾಯಿತು" ಎಂದಳು. "ಇದೆ ಅಂದಿದ್ದರೆ ಕಾಯುತ್ತಿದ್ದ."