ಸುಮತಿ ಕಟ್ಟಿದ ಆಟ

ಆ ಆಟ ನನ್ನದಲ್ಲ. ಕಾರ್ಕಳದಲ್ಲಿ, ಉಡುಪಿಯಲ್ಲಿ, ಎಷ್ಟೋ ಶಾಲೆಗಳ ಅಂಗಳದಲ್ಲಿ ನಿಂತು ನಾನು ಶಿಕ್ಷಕರಿಗೆ ಕಲಿಸಿದ ವ್ಯಾಕರಣದ ಆಟವನ್ನು ಕಟ್ಟಿದವಳು ಸುಮತಿ. ನಾನು ಅದನ್ನು ಕದ್ದೆ — ಒಂದೇ ಮಾತಿನಲ್ಲಿ.

ಎಪ್ಪತ್ತರ ದಶಕದ ಕೊನೆ. ಕಾಪು ಕಡೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ನಾವಿಬ್ಬರೂ ಟೀಚರುಗಳು. ಅವಳ ಮೂರನೇ ಕ್ಲಾಸಿಗೂ ನನ್ನ ನಾಲ್ಕನೇ ಕ್ಲಾಸಿಗೂ ನಡುವೆ ಬಿದಿರಿನ ತಟ್ಟಿ ಮಾತ್ರ. ಅವಳು ಬನ್ನಂಜೆಯಿಂದ ಬಸ್ಸಿನಲ್ಲಿ ಬರುತ್ತಿದ್ದಳು, ಮಧ್ಯಾಹ್ನ ನನ್ನ ಬುತ್ತಿಗೆ ಕೈಹಾಕಿ, “ನಿನ್ನ ಅಮ್ಮನ ಗುಳ್ಳಬದನೆಯ ಹುಳಿ ಉಂಟಾ ಮಾರಾಯ್ತಿ?” ಎಂದು ಕೇಳುತ್ತಿದ್ದಳು. ಅಷ್ಟು ಸಲಿಗೆ.

ಮಕ್ಕಳಲ್ಲಿ ಹೆಚ್ಚಿನವರು ಮೀನುಗಾರರ ಮನೆಯವರು. ಮನೆಯಲ್ಲಿ ತುಳು, ಕನ್ನಡವೇನಿದ್ದರೂ ಪುಸ್ತಕದಲ್ಲಿ. ನಾನು ‘ನಾಮಪದ ಎಂದರೆ ಹೆಸರು’ ಎಂದು ಬಾಯಿಪಾಠ ಮಾಡಿಸುತ್ತಿದ್ದಾಗ ಸುಮತಿ ತನ್ನ ಮಕ್ಕಳನ್ನು ಅಂಗಳಕ್ಕೆ ಕರೆದೊಯ್ಯುತ್ತಿದ್ದಳು. ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ಶಬ್ದದ ಚೀಟಿ. ನಾಮಪದ ಸಿಕ್ಕಿದವರು ನಿಲ್ಲಬೇಕು, ಗುಣವಾಚಕ ಸಿಕ್ಕಿದವರು ಓಡಿಬಂದು ತಮಗೆ ಹೊಂದುವ ಹೆಸರಿನ ಕೈ ಹಿಡಿಯಬೇಕು, ಕ್ರಿಯಾಪದದವರು ಅದನ್ನು ಮಾಡಿ ತೋರಿಸಬೇಕು. ಆಮೇಲೆ ಮೂವರೂ ಸೇರಿ ವಾಕ್ಯವನ್ನು ಕೂಗಬೇಕು. ಇಡೀ ವರ್ಷ ತುಟಿ ಬಿಚ್ಚದ ಗಿರಿಜಾ ಎಂಬ ಹುಡುಗಿ ಒಂದು ದಿನ ನೆಲ ಬಿಟ್ಟು ಕುಪ್ಪಳಿಸಿ, “ದೊಡ್ಡ ಮೀನು ಹಾರಿತು” ಎಂದು ಕೂಗಿದ್ದನ್ನು ತಟ್ಟಿಯ ಸಂದಿಯಿಂದ ನಾನೇ ನೋಡಿದೆ. ನನಗೆ ಸಂತೋಷವೂ ಆಯಿತು, ಇನ್ನೊಂದೂ ಆಯಿತು — ಅದರ ಹೆಸರು ಹೊಟ್ಟೆಕಿಚ್ಚು.

ಸುಮತಿಯ ತಾಯಿಯನ್ನು ಮಣಿಪಾಲದ ಆಸ್ಪತ್ರೆಗೆ ಸೇರಿಸಿದ ವಾರ ಅವಳು ರಜೆಯಲ್ಲಿದ್ದಳು. ಅವಳ ಮಕ್ಕಳನ್ನೂ ನಾನೇ ನೋಡಿಕೊಳ್ಳುತ್ತಿದ್ದೆ. ಅವರು ಹಟ ಹಿಡಿದರೆಂದು ಆಟ ಆಡಿಸುತ್ತಿದ್ದಾಗ ಇನ್‌ಸ್ಪೆಕ್ಟರು ಬಂದರು. ಜೊತೆಗಿದ್ದ ಹೆಡ್‌ಮಾಸ್ಟರು ಆ ತಿಂಗಳಷ್ಟೇ ವರ್ಗವಾಗಿ ಬಂದವರು. ಅವರಿಗೆ ಏನೂ ಗೊತ್ತಿರಲಿಲ್ಲ. ಆಟ ಮುಗಿಯುವವರೆಗೂ ನಿಂತು ನೋಡಿದ ಇನ್‌ಸ್ಪೆಕ್ಟರು ಕೇಳಿದರು:

“ಇದು ಯಾರ ಯೋಚನೆ, ಟೀಚರ್?”

“ನನ್ನದೇ, ಸಾರ್.”

ಯಾಕೆ ಹಾಗೆಂದೆ? ಹೇಳಹೊರಟರೆ ನೆಪಗಳೇ ಬರುತ್ತವೆ. ಬೇಡ. ಮಕ್ಕಳು ನನ್ನ ಮುಖ ನೋಡುತ್ತಿದ್ದರು, ನಾನು ಇನ್‌ಸ್ಪೆಕ್ಟರ ಮುಖ ನೋಡುತ್ತಿದ್ದೆ.

ಸುಮತಿ ಮರಳಿದ ದಿನವೇ ಮಕ್ಕಳು ಅವಳಿಗೆ ಎಲ್ಲ ಹೇಳಿದರು. ಅವಳು ನನ್ನನ್ನು ಏನೂ ಕೇಳಲಿಲ್ಲ. ನಾನಾಗಿಯೇ ಹೇಳಲಿ ಎಂದು ಕಾದಳು — ಮಧ್ಯಾಹ್ನ ಎದುರು ಕೂತು, ಬುತ್ತಿ ಬಿಚ್ಚದೆ ಕಾದಳು. ನಾನು ಮಳೆಯ ವಿಷಯ ಮಾತಾಡಿದೆ.

ಕೆಲವು ತಿಂಗಳ ನಂತರ ಇನ್‌ಸ್ಪೆಕ್ಟರು ಕಾರ್ಕಳದಲ್ಲಿ ಶಿಕ್ಷಕರಿಗೆ ತರಬೇತಿ ಇಡಿಸಿದರು. ಆಟ ಕಲಿಸುವವಳು ನಾನು. ಕಲಿಯಲು ಬಂದವರ ನಡುವೆ ಸುಮತಿ ಕೂತಿದ್ದಳು. “ನೀವೂ ಅವರಿಂದ ಕಲಿತು ಬನ್ನಿ” ಎಂದು ಹೆಡ್‌ಮಾಸ್ಟರೇ ಕಳಿಸಿದ್ದರಂತೆ. ನಾನು ಚೀಟಿ ಹಂಚುತ್ತ ಅವಳ ಬಳಿ ಬಂದೆ. ಅವಳು ಕೈ ಚಾಚಿದಳು. ಚೀಟಿಯಲ್ಲಿ ‘ಓಡಿತು’ ಎಂದಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅವಳು ಎಲ್ಲರೆದುರು ಅಂಗಳದ ಆ ತುದಿಯವರೆಗೆ ಓಡಿದಳು. ಎಲ್ಲರೂ ನಗುತ್ತ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಸಂಜೆ ಕೈತೊಳೆಯುವ ನಳ್ಳಿಯ ಹತ್ತಿರ ಅವಳೊಬ್ಬಳೇ ಸಿಕ್ಕಳು. “ಸುಮತಿ, ನಾನು —” ಎಂದೆ.

“ಚಂದ ಕಲಿಸಿದ್ರಿ, ಟೀಚರ್,” ಎಂದಳು. ನನ್ನನ್ನು ಎಂದೂ ಬಹುವಚನದಲ್ಲಿ ಕರೆದವಳಲ್ಲ. “ಒಂದು ಉಂಟು. ಮಾತಾಡದ ಮಕ್ಕಳಿಗೆ ಮೊದಲು ಕ್ರಿಯಾಪದದ ಚೀಟಿ ಕೊಡಿ. ಮೈ ಕುಣಿದ ಮೇಲೆ ಬಾಯಿ ಬಿಡ್ತಾರೆ.”

ಮುಂದಿನ ತರಬೇತಿಯಲ್ಲಿ ಅದನ್ನೂ ನನ್ನ ಮಾತಾಗಿಯೇ ಹೇಳಿದೆ.

ಆ ವರ್ಷ ಮುಗಿಯುವವರೆಗೂ ತಟ್ಟಿಯ ಆಚೆಯಿಂದ ಬಾಯಿಪಾಠದ ಸದ್ದಷ್ಟೇ ಕೇಳುತ್ತಿತ್ತು. ಬೇಸಿಗೆ ರಜೆಯಲ್ಲಿ ಅವಳು ಕುಂದಾಪುರದ ಕಡೆಗೆ ವರ್ಗ ಮಾಡಿಸಿಕೊಂಡು ಹೋದಳು. ನನಗೆ ಮನ್ನಣೆಗಳು ಬಂದವು, ಬಡ್ತಿ ಬಂತು. ಸ್ಟಾಫ್ ರೂಮುಗಳಲ್ಲಿ ಎಷ್ಟೋ ಮಂದಿಯ ಜೊತೆ ಕೂತು ಉಂಡೆ. ಒಬ್ಬರೂ ಕೇಳದೆ ನನ್ನ ಬುತ್ತಿಗೆ ಕೈಹಾಕಲಿಲ್ಲ. ಅವಳು ಹಾಗೆ ಕೈಹಾಕಿದರೆ ಸಾಕು ಎಂದು — ಈ ವಯಸ್ಸಿನಲ್ಲೂ — ಆಸೆಯಾಗುತ್ತದೆ.

ಸುಮತಿ ನಿವೃತ್ತಳಾಗಿ ಬ್ರಹ್ಮಾವರದ ಬಳಿ ಮಗಳ ಮನೆಯಲ್ಲಿದ್ದಾಳೆಂದು ಮೊನ್ನೆ ತಿಳಿಯಿತು. ಭಾನುವಾರ ಹೋಗುತ್ತೇನೆ. ಅವಳ ಮಗಳ ಎದುರಿಗೇ ಎಲ್ಲ ಹೇಳುತ್ತೇನೆ. ಕ್ಷಮಿಸೆಂದು ಕೇಳಿ ಅವಳ ಮೇಲೆ ಇನ್ನೊಂದು ಭಾರ ಹೊರಿಸುವುದಿಲ್ಲ. ಅವಳು ಕೂರು ಎಂದರೆ ಕೂರುತ್ತೇನೆ. ಹೋಗಿ ಎಂದರೆ, ಒಮ್ಮೆ ಅವಳ ಮುಖ ನೋಡಿ ಬರುತ್ತೇನೆ.