ಜಯಕರಣ್ಣನ ವಿಮಾನ ಹೋಟೆಲು

ಕಾಪುವಿನಿಂದ ಪಡುಬಿದ್ರಿಗೆ ಹೋಗುವ ಹೆದ್ದಾರಿಯ ಬದಿಯಲ್ಲಿ, ರೆಕ್ಕೆಯೂ ಎಂಜಿನ್ನೂ ಇಲ್ಲದ ಹಳೆಯ ವಿಮಾನದ ಒಡಲೊಂದರಲ್ಲಿ ಜಯಕರಣ್ಣ ಹೋಟೆಲು ನಡೆಸುತ್ತಾರೆ. ಬರೀ ಗೋಳಿಬಜೆ ತಿನ್ನಲು ಬಂದವರೂ ಮೊದಲು ಬೆಲ್ಟ್ ಹಾಕಿಕೊಳ್ಳಬೇಕು, ನನಗೂ ವಿನಾಯಿತಿ ಇಲ್ಲ. ಚಹಾ ಚೆಲ್ಲಿದರೆ "ಸ್ವಲ್ಪ ಗಾಳಿ ಉಂಟು, ಹೆದರಬೇಡಿ" ಎನ್ನುತ್ತಾರೆ. ಕಾರ್ಕಳದ ಗಿರಾಕಿಯೊಬ್ಬರು "ಒಳಗೆ ಬಸ್ಸಿನ ಹಾಗೇ ಉಂಟಲ್ಲ" ಎಂದಾಗ, "ಬಸ್ಸು ಬೇಕಾದರೆ ಸ್ಟ್ಯಾಂಡಿಗೆ ಹೋಗಿ" ಎಂದು ಅರ್ಧ ತಿಂದ ಬನ್ಸಿನೊಂದಿಗೆ ಅವರನ್ನು ಕೆಳಗಿಳಿಸಿದ್ದರು. ಬಸ್ಸಿನಂತೆ ಕಾಣಬಾರದೆಂದೇ ಅದನ್ನು ಹದಿನೆಂಟು ಮೆಟ್ಟಿಲೆತ್ತರದ ಕಂಬಗಳ ಮೇಲೆ ಕೂರಿಸಿದ್ದು. ಇಪ್ಪತ್ತೆರಡು ವರ್ಷ ಗಲ್ಫಿನಲ್ಲಿ ವಿಮಾನಗಳ ಒಳಗನ್ನು ಗುಡಿಸಿ ಒರೆಸಿದವರು ಅವರು. ಪ್ರತಿ ರಜೆಯಲ್ಲೂ ಹೆಂಡತಿ ಬೇಬಿಯಕ್ಕನಿಗೆ "ಬರುವ ವರ್ಷ ನಿನ್ನನ್ನೂ ಕರೆದುಕೊಂಡು ಹೋಗುತ್ತೇನೆ" ಎಂದು ಹೇಳಿ ಹೋದವರು. ಆ ವರ್ಷ ಬರಲೇ ಇಲ್ಲ. ಕಡೆಗೆ ವಿಮಾನವೇ ಮನೆಯ ಹತ್ತಿರ ಬಂದಾಗ ಬೇಬಿಯಕ್ಕನ ಮೊಣಕಾಲು ಮೂರನೆಯ ಮೆಟ್ಟಿಲಿಗೇ ಸೋತಿತು. ಜಯಕರಣ್ಣ ಎತ್ತಿಕೊಂಡು ಹೋಗುತ್ತೇನೆಂದರೆ, ಜನರೆದುರು ನಾಚಿಕೆಯೆಂದು ಬೇಬಿಯಕ್ಕ ಒಪ್ಪಲಿಲ್ಲ. ಈಗ ಕೆಳಗಿನ ಅಡುಗೆಮನೆಯಲ್ಲಿ ಅದೇ ವಿಮಾನದ ಗಿರಾಕಿಗಳಿಗೆ ಹಿಟ್ಟು ಕಲಸುತ್ತಾರೆ. ಸಂಜೆ ಆ ಸಣ್ಣ ಕಿಟಕಿಗಳಲ್ಲಿ ದೀಪ ಹತ್ತಿದಾಗ ಒಮ್ಮೊಮ್ಮೆ ತಲೆಯೆತ್ತಿ, "ಒಳಗೆ ಹೇಗುಂಟು?" ಎಂದು ಕೇಳುತ್ತಾರೆ. ಜಯಕರಣ್ಣ ಬಜೆಯ ತಟ್ಟೆಗೆ ಕೈಚಾಚಿ, ಅವರ ಮುಖ ನೋಡದೆ ಹೇಳುತ್ತಾರೆ: "ಎಂತ ಉಂಟು ಮಾರಾಯ್ತಿ, ಬಸ್ಸಿನ ಹಾಗೆಯೇ."