ಅನಮೋಡದ ನಾಕಾ ದಾಟಿದ ಸೀರೆ

ಒಂಟಿ ಗಂಡಸು ಚೀಲದಲ್ಲಿ ಹೊಸ ಸೀರೆ ಇಟ್ಟುಕೊಂಡು ಸುಂಕದ ನಾಕಾ ದಾಟಬಾರದು. ಇದು ನನಗೆ ಗೊತ್ತಾದದ್ದು ಸೀರೆ ಕೊಂಡ ಮೇಲೆ. ನನ್ನ ಪಾಲಿಗೆ ನಿಯಮಗಳೆಲ್ಲ ಹೀಗೇ. ಮೊದಲು ಎಲ್ಲೋ ಅಡಗಿ ಕೂತಿರುತ್ತವೆ, ನಾನು ಸಿಕ್ಕಿಬಿದ್ದ ಮೇಲೆ ಎದ್ದು ಬಂದು ಗುರುತು ಹೇಳಿಕೊಳ್ಳುತ್ತವೆ.

ಗೋವಾ ಆಗಷ್ಟೇ ಪೋರ್ತುಗೀಸರ ಕೈತಪ್ಪಿ ನಮ್ಮದಾಗಿತ್ತು. ಆದರೆ ಘಟ್ಟದ ಮೇಲಿನ ಅನಮೋಡದಲ್ಲಿ ನಾಕಾ ಇನ್ನೂ ಇತ್ತು, ಮದುವೆ ಮುಗಿದರೂ ಚಪ್ಪರ ಬಿಚ್ಚದ ಮನೆಯ ಹಾಗೆ. ದಾಂಡೇಲಿಯ ಕಾಗದದ ಗಿರಣಿಯಲ್ಲಿ ನಮ್ಮ ಜೊತೆಯವರು ರಜೆ ಸಿಕ್ಕರೆ ಸಾಕು, ಮಡಗಾವಿಗೆ ಹೋಗಿ ಗಡಿಯಾರ, ಪೆನ್ನು, ವಾಸನೆ ಸಾಬೂನು ತರುತ್ತಿದ್ದರು. ಹೇಗೆ ತಂದರು ಅನ್ನುವುದನ್ನು ಮಾತ್ರ ಹೇಳುತ್ತಿರಲಿಲ್ಲ. ನಾನೂ ಕೇಳಿರಲಿಲ್ಲ. ನಾನು ಬಿದಿರು ಯಾರ್ಡಿನ ಕಾರಕೂನ, ಕೇಳಿದರೆ ಎಲ್ಲಿ ಸಾಕ್ಷಿ ಹೇಳಬೇಕಾದೀತೋ ಅಂತ ಹೆದರುವವನು.

ನನಗೆ ಗಡಿಯಾರ ಬೇಕಿರಲಿಲ್ಲ. ಗಿರಣಿಯ ಭೋಂಗಾ ಹೊತ್ತುಹೊತ್ತಿಗೆ ಕೂಗುತ್ತಿತ್ತು. ಅದು ಕೂಗಿದಾಗ ಏಳುವುದು, ಕೂಗಿದಾಗ ಮಲಗುವುದು. ನಡುವೆ ಕ್ವಾರ್ಟರ್ಸಿನಲ್ಲಿ ಮಾತಾಡಿಸಲು ಯಾರೂ ಇರಲಿಲ್ಲ. ಹೆಂಡತಿ ಹೆರಿಗೆಗೆ ಅಂತ ಧಾರವಾಡದ ತವರಿಗೆ ಹೋದವಳು. ಕೂಸು ಉಳಿಯಲಿಲ್ಲ. ಅವಳು ಅಲ್ಲೇ ಉಳಿದಳು. ನಾನು ಹೋದಾಗೆಲ್ಲ ಅವಳು ಚಹಾ ಕೊಟ್ಟು, "ಇಷ್ಟರಾಗ ಬರ್ತೇನ್ರಿ" ಅನ್ನುತ್ತಿದ್ದಳು. ಆ 'ಇಷ್ಟರಾಗ' ಮಳೆಗಾಲ ದಾಟಿತು, ಚಳಿಗಾಲವನ್ನೂ ದಾಟಿತು. ಏನಾದರೂ ಒಯ್ದು ಅವಳ ಕೈಯಲ್ಲಿ ಇಡಬೇಕು, ಬರಿಗೈಯಲ್ಲಿ ಹೋಗಿ 'ಬಾ' ಅಂದರೆ ಅದು ಬರಿಯ ಮಾತಾಗುತ್ತದೆ ಅನ್ನಿಸಿತು. ಹಾಗಾಗಿ ಮಡಗಾವಿನ ಅಂಗಡಿಯಲ್ಲಿ ಅಬ್ಬಲಿಗಿ, ಅಂದರೆ ಕನಕಾಂಬರ ಹೂವಿನ ಬಣ್ಣದ ಒಂದು ನೈಲಾನ್ ಸೀರೆ ಕೊಂಡೆ. ಮುಟ್ಟಿದರೆ ಕೈಯಿಂದ ನೀರಿನಂತೆ ಜಾರುತ್ತಿತ್ತು. ಅದರ ಅಂಗಡಿ ಘಡಿ, ಅಂದರೆ ಮಡಿಕೆ, ಒಂದಿಷ್ಟೂ ಮುರಿಯದ ಹಾಗೆ ಚೀಲದ ತಳದಲ್ಲಿ ಟವೆಲ್ ಸುತ್ತಿ ಇಟ್ಟೆ. ಹೊಸ ಸೀರೆಯ ಘಡಿ ಮುರಿಯುವುದು ನಮ್ಮ ಕಡೆ ಸಣ್ಣ ಮಾತಲ್ಲ. ಉಡುವವಳೇ ಮುರಿಯಬೇಕು, ಇಲ್ಲವೇ ಅವಳು ಪ್ರೀತಿಯಿಂದ ಯಾರಿಗೆ ಕೊಡುತ್ತಾಳೋ ಅವರು.

ಬಸ್ಸು ಘಟ್ಟ ಹತ್ತುವಾಗ ನೋಡಿದರೆ ಪಕ್ಕದವನು ಅಂಗಿಯ ಮೇಲೆ ಅಂಗಿ ಹಾಕಿಕೊಂಡು ಬೆವರುತ್ತಿದ್ದ. ಹಿಂದಿನ ಹೆಣ್ಣುಮಗಳೊಬ್ಬಳು ಎರಡು ಸೀರೆ ಉಟ್ಟು ಬತ್ತದ ಕಣಜದಂತೆ ಕೂತಿದ್ದಳು. ಕಂಡಕ್ಟರ್ ನಡುವೆ ನಿಂತು ಕೂಗಿದ:

"ಮೈಮ್ಯಾಲಿದ್ದದ್ದು ನಿಮ್ಮದು! ಚೀಲದಾಗ ಘಡಿ ಮುರೀದ ಇದ್ದದ್ದು ಸರಕಾರದ್ದು! ನಾ ಇಳದು ಚಹಾ ಕುಡದು ಬರೂದ್ರಾಗ ಏನ್ ಮಾಡೂದೈತಿ ಮಾಡ್ಕೋರಿ, ಮುಂದ ನಾಕಾ!"

ಅಂದರೆ ಪ್ರಯಾಣಿಕನ ಸ್ವಂತ ಬಳಕೆಯ ವಸ್ತುವಿಗೆ ಸುಂಕವಿಲ್ಲ, ಹೊಸ ವಸ್ತುವಿಗೆ ಉಂಟು. ನಾನು ಅವನ ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ, "ಒಂದು ಸೀರಿ ಐತ್ರಿ. ಹೆಂಡತಿಗೆ."

"ಹೆಂಡತಿ ಎಲ್ಲದಾರ್ರಿ?"

"ಧಾರವಾಡದಾಗ."

"ಅವರು ಬಾಜೂಕ ಕುಂತಿದ್ರ ಉಡಸಬಹುದಿತ್ತು. ಈಗ ನೀವ ಉಟ್ಕೊಂಡ್ಬಿಡ್ರಿ ಸಾಹೇಬ್ರ, ಚೊಲೊ ಒಪ್ಪತೈತಿ!"

ಇಡೀ ಬಸ್ಸು ನಕ್ಕಿತು. ನಾನೂ ನಕ್ಕೆ, ತಪ್ಪು ಮಾಡಿದವನು ನಗುವ ಹಾಗೆ. ಸುಂಕ ಕಟ್ಟಿದ್ದರೆ ಮುಗಿದುಹೋಗುತ್ತಿತ್ತು ಅಂತ ಈಗ ಹೇಳಬಹುದು. ಆಗ ನನ್ನ ತಲೆಯಲ್ಲಿ ಸೀರೆ ಜಪ್ತಿಯಾಗಿ, ನನ್ನನ್ನು ಗಿರಣಿಯಿಂದ ತೆಗೆದು, ಮಾವನವರ ಓಣಿಯವರೆಲ್ಲ ಸೇರಿ ಅದರ ಬಗ್ಗೆ ಮಾತಾಡುವವರೆಗೆ ಕಥೆ ಬೆಳೆದಿತ್ತು.

ಚಹಾದಂಗಡಿಯ ಹತ್ತಿರ ಬಸ್ಸು ನಿಂತಾಗ ನನ್ನ ಮುಂದಿನ ಸೀಟಿನ ಹೆಂಗಸು ಇಳಿದು ನನ್ನ ಪಕ್ಕ ಬಂದು ನಿಂತಳು. ಜಗಲಬೇಟದ ಕಡೆಯವಳು, ಕೊಂಕಣಿ, ಮರಾಠಿ ಸೇರಿಸಿ ಕನ್ನಡ ಆಡುವವಳು; ಅವಳ ಮಾತಿನಲ್ಲಿ ಅಣ್ಣ ಅಂದರೆ ಭಾವ, ಹೆಂಡತಿ ಅಂದರೆ ಬಾಯ್ಕೊ. ಗಡಿ ಮುಚ್ಚಿದ್ದ ವರ್ಷಗಳಲ್ಲಿ ಕಾಣದಿದ್ದ ಗೋವಾದ ಅಕ್ಕನನ್ನು ನೋಡಿಕೊಂಡು ಬರುತ್ತಿದ್ದಳಂತೆ. ಮಾಸಿದ ಬಿಳಿ ಸೀರೆ, ಬೋಳು ಹಣೆ. ಬುಟ್ಟಿಯಲ್ಲಿ ಒಣಮೀನು, ಕೋಕಂ.

"ಕೊಡು ಭಾವಾ, ನಾನು ಉಡತೆ. ನಾಕಾ ದಾಟಿದ್ಮ್ಯಾಲೆ ತಗೊ."

ನಾನು ಅವಳ ಹಣೆ ನೋಡಿದೆ. ನೋಡಬಾರದಿತ್ತು. ನಾನು ನೋಡಿದ್ದನ್ನು ಅವಳು ನೋಡಿದಳು.

"ವಿಧವೆ ಉಟ್ಟರೆ ನಿನ್ನ ಬಾಯ್ಕೊ ಒಲ್ಲೆ ಅಂತಾಳ ಕಾಯ್? ಹಂಗಾದ್ರೆ ಆ ಖಾಕಿಯವನಿಗೆ ಕೊಡು, ಅವನ ಬಾಯ್ಕೊ ಉಡಲಿ."

"ಹಂಗಲ್ಲ ಮಾವಶಿ..." ಅಂದೆ. ಆದರೆ ಅದು ಹಂಗೇ ಇತ್ತು. ಸೀರೆ ಕೊಟ್ಟೆ.

ಅಂಗಡಿಯ ಹಿಂದಿನಿಂದ ಅವಳು ಬಂದಾಗ ಕಂಡಕ್ಟರನೂ ಚಹಾದ ಲೋಟ ಕೆಳಗಿಟ್ಟು ನೋಡಿದ. ಬಿಳಿಯ ಮೇಲೆಯೇ ಸುತ್ತಿಕೊಂಡು, ಸೆರಗನ್ನು ತಲೆಯ ಮೇಲೆ ಹಣೆ ಮುಚ್ಚುವಷ್ಟು ಎಳೆದಿದ್ದಳು. ನಾಕಾದವನು ಹತ್ತಿ ಬಂದು ನನ್ನ ಚೀಲದಲ್ಲಿ ಕೈಯಾಡಿಸಿ ಟವೆಲ್ ಎತ್ತಿ ನೋಡಿದ. ನನ್ನ ಮುಖ ನೋಡಿ ಅನುಮಾನ ಬಂದು ಮತ್ತೊಮ್ಮೆ ಕೈಯಾಡಿಸಿದ. ಅವಳ ಬುಟ್ಟಿಯ ವಾಸನೆಗೆ ಮೂಗು ಮುಚ್ಚಿಕೊಂಡು ಇಳಿದುಹೋದ.

ಬಸ್ಸು ನಾಕಾ ದಾಟಿತು. ಅವಳು ಸೀರೆ ಬಿಚ್ಚಲಿಲ್ಲ. ಕಾಡಿನ ನಡುವೆ ಬಿಚ್ಚುವುದಾದರೂ ಎಲ್ಲಿ? ಇಳಿದು ಹಾಗೇ ಹೊರಟುಹೋದರೆ ಏನು ಮಾಡಲಿ ಅಂತ ನಾನು ದಾರಿಯುದ್ದಕ್ಕೂ ಚಿಂತೆ ಮಾಡಿದೆ. ಅವಳು ಕಿಟಕಿಯ ಕಡೆ ಮುಖ ಮಾಡಿ, ತೊಡೆಯ ಮೇಲಿನ ಸೆರಗನ್ನು ಅಂಗೈಯಿಂದ ಸವರುತ್ತಿದ್ದಳು. ಒಮ್ಮೆ ತಿರುಗದೇ ಅಂದಳು, "ಅವ ಹೋದ್ಮ್ಯಾಲೆ ಬಣ್ಣದ್ದು ಉಟ್ಟೇ ಇಲ್ಲ." ನನಗೆ ಅಂದಳೋ ಕಿಟಕಿಗೆ ಅಂದಳೋ.

ಜಗಲಬೇಟದಲ್ಲಿ ಬಸ್ಸಿನ ಮರೆಗೆ ಹೋಗಿ ಬಿಚ್ಚಿ ತಂದುಕೊಟ್ಟಳು. "ಅಂಗಡಿಯವನ ಘಡಿ ನನಗೆ ಬರೂದಿಲ್ಲ. ಬಾಯ್ಕೊಗೆ ಹೇಳು, ಬೆಚ್ಚಗೆ ಐತಿ." ಬುಟ್ಟಿ ಹೊತ್ತು ಬಿಳಿ ಸೀರೆಯಲ್ಲಿ ಹೋದಳು. ಹೆಸರು ಕೇಳುವುದು ಹೊಳೆಯಲೇ ಇಲ್ಲ.

ಮುಂದಿನ ರವಿವಾರ ಧಾರವಾಡ. ಹೆಂಡತಿ ಸೀರೆ ಬಿಚ್ಚುವ ಮೊದಲೇ ಮೂಗಿಗೆ ಹಿಡಿದಳು.

"ಒಣಮೀನಿನ ನಾತ ಬರತೈತಲ್ರಿ! ಇದರ ಘಡಿ ಯಾರು ಮುರದ್ರು?"

ಸುಳ್ಳು ಹೇಳಲು ನಾನು ಬಸ್ಸಿನಲ್ಲಿ ಮೂರ್ನಾಲ್ಕು ಸುಳ್ಳು ತಯಾರು ಮಾಡಿಕೊಂಡಿದ್ದೆ. ಅವೆಲ್ಲ ಒಟ್ಟಿಗೇ ಬಾಯಿಗೆ ಬಂದು ಸಿಕ್ಕಿಕೊಂಡವು. ಕೊನೆಗೆ ಇದ್ದದ್ದನ್ನೇ ಹೇಳಿದೆ. ಒಳಗಿನಿಂದ ಅತ್ತೆಯವರು, "ಶಿವನ! ಗಂಡ ಸತ್ತಾಕಿ ಉಟ್ಟದ್ದನ್ನ ಮುತ್ತೈದಿಗೆ ತಂದಾರಲ್ಲ, ಅಳಿಯಂದ್ರ ಬುದ್ಧಿ ನೋಡ್ರಿ" ಅಂದರು.

ಹೆಂಡತಿ ಸೀರೆಯ ಅಂಚು ಹಿಡಿದು ನೋಡುತ್ತ ಕೇಳಿದಳು, "ಆಕಿಗೆ ಹೆಂಗ ಕಾಣ್ತಿತ್ತು?"

"ಚೊಲೊ ಕಾಣ್ತಿತ್ತು," ಅಂದೆ. ಅಂದ ಮೇಲೆ, ಇದನ್ನು ಹೇಳಬಾರದಿತ್ತೇನೋ ಅನ್ನಿಸಿತು.

ಅವಳು ಸೀರೆಯನ್ನು ಮಡಚಿ ನನ್ನ ಚೀಲಕ್ಕೇ ಹಾಕಿದಳು. "ತಗೊಂಡು ಹೋಗ್ರಿ. ಒಗದು ಇಡ್ರಿ."

ಹಳಿಯಾಳದವರೆಗೂ ಆ ಎರಡು ಮಾತನ್ನು ತಿರುವಿ ಹಾಕಿದೆ. 'ತಗೊಂಡು ಹೋಗ್ರಿ' ಅಂದರೆ ಬೇಡ ಅಂತಲೇ. 'ಒಗದು ಇಡ್ರಿ' ಅಂದರೆ ಬರುತ್ತೇನೆ ಅಂತಲೇ. ಅಲ್ಲಿ ಬಸ್ಸು ನಿಂತಾಗ ಇಳಿದು ಚಹಾ ಕುಡಿದೆ; ಆಮೇಲೆ ದಾಂಡೇಲಿಯವರೆಗೆ ಮತ್ತೆ ಮೊದಲಿನಿಂದ.

ಒಗೆದೆ. ಕ್ವಾರ್ಟರ್ಸಿನ ಮುಂದಿನ ಹಗ್ಗದ ಮೇಲೆ ಹರವಿದೆ. ಪಕ್ಕದ ಮನೆಯ ಫಿಟ್ಟರನ ಹೆಂಡತಿ, ಬೆಳಗಾವಿಯವಳು, ಬೇಲಿಯಾಚೆಯಿಂದ ಕೇಳಿದಳು, "ನಿಮ್ಮ ಮನೀ ಬಾಯಾರು ಬಂದ್ರೇನ್ರಿ?"

"ಬರ್ತಾರ್ರಿ," ಅಂದೆ.

ಎಷ್ಟೋ ದಿನದಿಂದ ನನ್ನ ಮನೆಯ ಬಗ್ಗೆ ಯಾರೂ ಏನೂ ಕೇಳಿರಲಿಲ್ಲ. ಮರುವಾರ ಮೀನಿನ ವಾಸನೆ ಪೂರ್ತಿ ಹೋಗಿಲ್ಲ ಅಂತ ನನಗೆ ನಾನೇ ಹೇಳಿಕೊಂಡು ಮತ್ತೆ ಒಗೆದೆ. ಅದರ ಮುಂದಿನ ವಾರವೂ. ಕೆಲಸದಿಂದ ಬರುವಾಗ ಸಾಲುಮನೆಗಳ ತುದಿಯಿಂದಲೇ ಅಬ್ಬಲಿಗಿ ಬಣ್ಣ ಗಾಳಿಗೆ ಅಲುಗುವುದು ಕಾಣುತ್ತಿತ್ತು. ಒಂದು ಕ್ಷಣ ಮನೆಯಲ್ಲಿ ಯಾರೋ ಇದ್ದಾರೆ ಅನ್ನಿಸುತ್ತಿತ್ತು. ಹತ್ತಿರ ಹೋದರೆ ಬಾಗಿಲಿಗೆ ನಾನೇ ಹಾಕಿದ ಬೀಗ.

ಬೇಸಿಗೆಯ ಬಿಸಿಲು ಜೋರಾದ ಮೇಲೆ ಒಂದು ಸಂಜೆ ಕೆಲಸದಿಂದ ಬಂದೆ. ಹಗ್ಗದ ಮೇಲೆ ಸೀರೆ ಇರಲಿಲ್ಲ. ಕದ್ದರು ಅಂತ ಓಡಿದೆ. ಕಟ್ಟೆಯ ಮೇಲೆ ಟ್ರಂಕು, ಅದರ ಪಕ್ಕ ಹೆಂಡತಿ. ಕೀಲಿ ಇಲ್ಲದೆ ಹೊರಗೇ ಕಾಯುತ್ತಿದ್ದಳು. ತೊಡೆಯ ಮೇಲೆ ಸೀರೆ. ಒಂದು ಮಗ್ಗಲು ಅಬ್ಬಲಿಗಿ, ಇನ್ನೊಂದು ಮಗ್ಗಲು ಬಿಸಿಲಿಗೆ ಮಾಸಿ ಗೋಧಿಯ ಬಣ್ಣ.

"ಎಷ್ಟು ದಿನದಿಂದ ಹಾಕೀರಿ ಇದನ್ನ ಹಗ್ಗದ ಮ್ಯಾಲ?"

"ಇವತ್ತ ಒಗದೇನಿ," ಅಂದೆ.

ಅವಳು ಮಾಸಿದ ಮಗ್ಗಲನ್ನು ಬೆರಳಿಂದ ಸವರಿದಳು. ಮರುದಿನ ಬೆಳಿಗ್ಗೆ ಆ ಮಗ್ಗಲು ಒಳಗೆ ಮಾಡಿ ಉಟ್ಟಳು. ಈಗ ಅನಮೋಡದ ಯಾವ ಸಿಪಾಯಿಯೂ ಅದನ್ನು ಹೊಸ ಮಾಲು ಅನ್ನುತ್ತಿರಲಿಲ್ಲ.